ರೂಸ್‌ವೆಲ್ಟ್ ಅಲ್ಲ, ರೋಸವೆಲ್ಟ್: ಒಂದು ಡಚ್ ಅಡ್ಡಹೆಸರಿನ ಜಾಡು ಹಿಡಿಯುವ ಬಗೆ

ನಮ್ಮ ಪಠ್ಯಪುಸ್ತಕಗಳಲ್ಲೂ ಪತ್ರಿಕೆಗಳಲ್ಲೂ ಥಿಯೋಡರ್, ಫ್ರಾಂಕ್ಲಿನ್ ಎಂಬ ಇಬ್ಬರು ಅಮೆರಿಕನ್ ಅಧ್ಯಕ್ಷರ ಮನೆತನದ ಹೆಸರು ‘ರೂಸ್‌ವೆಲ್ಟ್’ ಎಂದೇ ಅಚ್ಚಾಗುತ್ತ ಬಂದಿದೆ. ಮನೆಯವರ ಬಾಯಲ್ಲಿ ಅದು ಹಾಗಿರಲಿಲ್ಲ. ಥಿಯೋಡರ್ 1898ರ ಪತ್ರವೊಂದರಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ: ಮೂರು ಉಚ್ಚಾರಾಂಶ, ಮೊದಲಿನದು ಗುಲಾಬಿಗೆ ಇಂಗ್ಲಿಷಿನಲ್ಲಿ ಹೇಳುವ ‘ರೋಸ್’ ಇದ್ದಂತೆ. ಅಂದರೆ ರೋ-ಸ-ವೆಲ್ಟ್. ಇಂಗ್ಲಿಷ್ ಓದಿ ರೂಢಿಯಾದವರು ‘ಒ’ ಅಕ್ಷರ ಜೋಡಿಯಾಗಿ ಕಂಡಕೂಡಲೇ ‘ಊ’ ಅನ್ನುತ್ತಾರೆ. ಡಚ್ ಭಾಷೆಯಲ್ಲಿ ಆ ಜೋಡಿಗೆ ನಮ್ಮ ‘ಓ’ ಬೆಲೆ. ಕನ್ನಡ ಲಿಪಿಗೆ ಈ ಎರಡನ್ನೂ ಬೇರೆಬೇರೆಯಾಗಿ ಬರೆಯುವ ಅನುಕೂಲ ಇದ್ದೂ ನಾವು ಇಂಗ್ಲಿಷಿನ ತಪ್ಪನ್ನೇ ನಕಲು ಮಾಡಿದ್ದೇವೆ.

ಇದು ಬರೀ ಉಚ್ಚಾರದ ತಕರಾರಲ್ಲ. ಹಳೆಯ ಕಡತಗಳಲ್ಲಿ ಈ ಮನೆತನವನ್ನು ಹುಡುಕುವವರಿಗೆ ಮೊದಲ ಬೀಗದ ಕೈ ಈ ಧ್ವನಿಯೇ. ಹೆಸರಿನ ಮೂಲರೂಪ ‘ರೋಸೆನ್’ ಮತ್ತು ‘ವೆಲ್ಡ್’, ಗುಲಾಬಿಗಳ ಬಯಲು. ಡಚ್ಚರ ಮಾತಿನಲ್ಲಿ ‘ಎನ್’ ಎಂದು ಮುಗಿಯುವ ಭಾಗದ ನಕಾರ ಸಾಮಾನ್ಯವಾಗಿ ಕೇಳಿಸುವುದೇ ಇಲ್ಲ. ಹಾಗಾಗಿ ರೋಸೆನ್ ‘ರೋಸೆ’ ಆಯಿತು. ಪದದ ಕೊನೆಯ ಡಕಾರ ಟಕಾರವಾಗಿ ಕೇಳುತ್ತದೆ. ವೆಲ್ಡ್ ‘ವೆಲ್ಟ್’ ಆಯಿತು. ದೀರ್ಘ ಓಕಾರವನ್ನು ಒಬ್ಬ ಗುಮಾಸ್ತ ಒಂದೇ ಅಕ್ಷರದಲ್ಲಿ ಬರೆದ, ಇನ್ನೊಬ್ಬ ಎರಡರಲ್ಲಿ. ರೋಸೆನ್‌ವೆಲ್ಟ್, ರೋಸೆವೆಲ್ಟ್, ರೋಸ್‌ವೆಲ್ಟ್ ಇವೆಲ್ಲ ಬೇರೆ ಹೆಸರುಗಳಲ್ಲ, ಒಂದೇ ಸದ್ದನ್ನು ಬೇರೆಬೇರೆ ಕಿವಿಗಳು ಬರೆದುಕೊಂಡದ್ದು. ಕಾಗುಣಿತ ಹೊಂದಲಿಲ್ಲವೆಂದು ದಾಖಲೆಯೊಂದನ್ನು ಪಕ್ಕಕ್ಕೆ ಸರಿಸುವುದು ಹೊಸಬರು ಮಾಡುವ ಮೊದಲ ತಪ್ಪು. ಕಾಗುಣಿತ ಹೊಂದಿತೆಂದು ಸಂಬಂಧ ಕಟ್ಟುವುದು ಎರಡನೆಯದು, ಮೊದಲಿನದಕ್ಕಿಂತ ಕೆಟ್ಟದ್ದು.

ಅಮೆರಿಕಕ್ಕೆ ಈ ಹೆಸರು ತಂದವನು ಕ್ಲಾಸ್ ಮಾರ್ಟೆನ್‌ಸೆನ್ ವಾನ್ ರೋಸೆನ್‌ವೆಲ್ಟ್. ಈಗಿನ ನ್ಯೂಯಾರ್ಕ್ ಆಗ ನ್ಯೂ ಆಮ್‌ಸ್ಟರ್‌ಡಾಮ್ ಎಂಬ ಡಚ್ ವಸಾಹತು. ಅಲ್ಲಿ 1652ರಲ್ಲಿ ಅವನು 24 ಮೋರ್ಗನ್, ಅಂದರೆ ಸುಮಾರು 50 ಎಕರೆ ಜಮೀನು ಕೊಂಡ. ಇಂದು ಎಂಪೈರ್ ಸ್ಟೇಟ್ ಕಟ್ಟಡ ನಿಂತಿರುವ ನೆಲ ಅದರೊಳಗೇ ಬರುತ್ತದೆ. ಊರವರು ಅವನನ್ನು ಕರೆಯುತ್ತಿದ್ದದ್ದು ‘ಪುಟ್ಟ ಕ್ಲಾಸ್’ ಎಂದು. ಹೆಂಡತಿ ಯಾನೆತ್ಯೆ.

ಅವನ ಹೆಸರನ್ನು ಬಿಡಿಸಿ ನೋಡಿ. ಕ್ಲಾಸ್ ಅವನ ಸ್ವಂತ ಹೆಸರು, ನಿಕೊಲಾಸ್ ಎಂಬುದರ ಮೊಟಕು. ಮಾರ್ಟೆನ್‌ಸೆನ್ ಎಂದರೆ ಮಾರ್ಟೆನ್ನನ ಮಗ. ‘ವಾನ್’ ಎಂದರೆ ಇಂಥ ಕಡೆಯವನು. ಊರು, ಅಪ್ಪ, ತಾನು! ಹಳೆ ಮೈಸೂರಿನ ಇನಿಷಿಯಲ್ ಲೆಕ್ಕದಲ್ಲಿ ಬರೆದರೆ ಅವನು ಆರ್. ಎಂ. ಕ್ಲಾಸ್. ಇದರಲ್ಲಿ ಅಡ್ಡಹೆಸರು, ಅಂದರೆ ತಲೆಮಾರಿನಿಂದ ತಲೆಮಾರಿಗೆ ಬರುವ ಮನೆತನದ ಹೆಸರು, ಎಂಬುದೇ ಇಲ್ಲ. ಈ ಪದ್ಧತಿ ಮುಂದುವರಿದಿದ್ದರೆ ಅವನ ಮಗ ಕ್ಲಾಸೆನ್, ಮೊಮ್ಮಗ ನಿಕೊಲಾಸೆನ್ ಆಗಿ ಮೂರು ತಲೆಮಾರಿಗೆ ಮೂರು ಹೆಸರಾಗುತ್ತಿತ್ತು. ಡಚ್ ಕಾಲದ ಪುಸ್ತಕಗಳನ್ನು ನೋಡುವವರು ಅದಕ್ಕಾಗಿಯೇ ಪ್ರತಿ ವ್ಯಕ್ತಿಯನ್ನೂ ಎರಡು ಕಡೆ ಹುಡುಕಬೇಕು: ಅಪ್ಪನ ಹೆಸರಿನ ಅಡಿಯಲ್ಲಿ ಒಮ್ಮೆ, ‘ವಾನ್’ ನಂತರದ ಹೆಸರಿನ ಅಡಿಯಲ್ಲಿ ಇನ್ನೊಮ್ಮೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಅಪ್ಪನ ಹೆಸರನ್ನೂ ಇನ್ನೊಬ್ಬ ಊರಿನ ಹೆಸರನ್ನೂ ಅಡ್ಡಹೆಸರಾಗಿ ಉಳಿಸಿಕೊಂಡು, ಎರಡು ಮನೆತನಗಳಾಗಿ ಕವಲೊಡೆದದ್ದೂ ಆ ನಾಡಿನಲ್ಲಿ ಉಂಟು.

‘ವಾನ್’ ಕಂಡ ತಕ್ಷಣ ನಕ್ಷೆ ಬಿಚ್ಚಿ ಊರು ಗುರುತು ಮಾಡಿಬಿಡುವುದೂ ಅಪಾಯ. ಅದು ಊರಾಗಿರಬಹುದು, ತೋಟದ ಮನೆಯಾಗಿರಬಹುದು, ಒಂದು ತುಂಡು ನೆಲದ ಹೆಸರೂ ಆಗಿರಬಹುದು. ವಾಂಡರ್‌ಬಿಲ್ಟ್ ಮನೆತನದ್ದು ಸುಲಭದ ಲೆಕ್ಕ: ಉಟ್ರೆಕ್ಟ್ ಪಕ್ಕದಲ್ಲಿ ಡೆ ಬಿಲ್ಟ್ ಎಂಬ ಊರು ಇಂದಿಗೂ ಇದೆ. ರೋಸವೆಲ್ಟರದು ಅಷ್ಟು ಸಲೀಸಲ್ಲ. ಜೀಲಂಡ್ ಪ್ರಾಂತ್ಯದ ಥೋಲೆನ್ ದ್ವೀಪದಲ್ಲಿ, ಔಡ್ ವೊಸ್ಸೆಮೇರ್ ಬಳಿ ಆ ಹೆಸರಿನ ನೆಲವಿದೆ, ಹೆಸರು ಹೊತ್ತ ಕುಟುಂಬವೂ ಇತ್ತು. ಆದರೆ ಕ್ಲಾಸ್ ಆ ಕುಟುಂಬದವನೇ ಎಂದು ತೋರಿಸುವ ಪತ್ರ ಸಿಕ್ಕಿಲ್ಲ. ವಂಶವೃಕ್ಷದಲ್ಲಿ ಆ ಕೊಂಡಿಯನ್ನು ಚುಕ್ಕಿಗೆರೆಯಲ್ಲಿ ಎಳೆಯಬೇಕು. ಎಷ್ಟೋ ಮಂದಿ ದಪ್ಪ ಗೆರೆಯಲ್ಲೇ ಎಳೆದುಬಿಟ್ಟಿದ್ದಾರೆ.

1664ರಲ್ಲಿ ಇಂಗ್ಲಿಷರು ಊರನ್ನು ಕೈವಶ ಮಾಡಿಕೊಂಡು ನ್ಯೂಯಾರ್ಕ್ ಎಂದು ಕರೆದರು. ಅವರ ತೆರಿಗೆ ಪಟ್ಟಿಗೂ ಕೋರ್ಟಿಗೂ ಬದಲಾಗದ ಅಡ್ಡಹೆಸರು ಬೇಕಿತ್ತು. ಒಂದೇ ದಿನದಲ್ಲಿ ಆದದ್ದಲ್ಲ, ಸುಮಾರು ಒಂದು ತಲೆಮಾರು ಹಿಡಿಯಿತು. 1658ರಲ್ಲಿ ದೀಕ್ಷಾಸ್ನಾನ ಪಡೆದ ಕ್ಲಾಸನ ಮಗ ನಿಕೊಲಾಸ್ ಆ ಬದಲಾವಣೆಯ ನಡುವೆ ಬೆಳೆದವನು. ಹಡ್ಸನ್ ನದಿಯ ಮೇಲ್ದಂಡೆಯ ಎಸೊಪಸ್ಸಿನಲ್ಲಿ ತುಪ್ಪಳದ ವ್ಯಾಪಾರ ಮಾಡಿ, ನ್ಯೂಯಾರ್ಕಿಗೆ ಮರಳಿ, ನಗರದ ಆಲ್ಡರ್‌ಮನ್, ಅಂದರೆ ನಗರಸಭೆಯ ಸದಸ್ಯ, ಆದ. ‘ವಾನ್’ ಬಿಟ್ಟು, ಇಂದು ನಾವು ಕಾಣುವ ಕಾಗುಣಿತದಲ್ಲಿ ಹೆಸರು ನಿಂತದ್ದು ಅವನಿಂದ. ಅವನ ಮಗ ಯೊಹಾನ್ನೆಸ್ (1689) ಕಡೆಯಿಂದ ಥಿಯೋಡರ್, ಇನ್ನೊಬ್ಬ ಮಗ ಯಾಕೋಬಸ್ (1692) ಕಡೆಯಿಂದ ಫ್ರಾಂಕ್ಲಿನ್. ಇಬ್ಬರು ಅಧ್ಯಕ್ಷರಿಗೂ ನಿಕೊಲಾಸನೇ ಆರು ತಲೆ ಹಿಂದಿನ ಪೂರ್ವಜ. ಆಯ್ಸ್ಟರ್ ಬೇ ಕವಲು, ಹೈಡ್ ಪಾರ್ಕ್ ಕವಲು ಎಂದು ಇವನ್ನು ಕರೆಯುವುದುಂಟು. ಅವು 19ನೇ ಶತಮಾನದ ಮನೆಗಳಿಂದ ಬಂದ ಹೆಸರು. 18ನೇ ಶತಮಾನದ ರೋಸವೆಲ್ಟರನ್ನು ಆ ಊರುಗಳ ಕಡತಗಳಲ್ಲಿ ಹುಡುಕಿದರೆ ಬರಿಗೈಯೇ ಗತಿ, ಹುಡುಕಬೇಕಾದ್ದು ಮ್ಯಾನ್‌ಹಟನ್ನಿನಲ್ಲಿ.

ಈ ಕೆಲಸಕ್ಕೆ ಆಧಾರ ನ್ಯೂಯಾರ್ಕಿನ ಡಚ್ ರಿಫಾರ್ಮ್ಡ್ ಚರ್ಚಿನ ಪುಸ್ತಕಗಳು, 1639ರಿಂದ ಶುರು. ಎಸೊಪಸ್ಸಿನ ಕಡೆಯವರಿಗೆ ಕಿಂಗ್ಸ್‌ಟನ್ ಚರ್ಚಿನದು, 1660ರಿಂದ. ದೀಕ್ಷಾಸ್ನಾನದ ಪುಸ್ತಕದಲ್ಲಿ ತಾರೀಖು, ತಂದೆತಾಯಿ, ಮಗು, ಸಾಕ್ಷಿಗಳು ಎಂದು ಕಲಮುಗಳಿರುತ್ತವೆ. ಹೆಚ್ಚಿನವರು ಮೊದಲ ಮೂರು ಓದಿ ಮುಂದೆ ಹೋಗುತ್ತಾರೆ. ನಿಜವಾದ ಸರಕು ನಾಲ್ಕನೆಯದರಲ್ಲಿದೆ: ಸಾಕ್ಷಿಯಾಗಿ ನಿಲ್ಲುತ್ತಿದ್ದವರು ಸಾಮಾನ್ಯವಾಗಿ ಅಜ್ಜ, ಅಜ್ಜಿ, ಸೋದರಮಾವ, ಅತ್ತೆ, ಚಿಕ್ಕಪ್ಪ. ಒಂದು ದಂಪತಿಯ ಎಲ್ಲ ಮಕ್ಕಳ ನಮೂದುಗಳನ್ನೂ ಸಾಲಾಗಿ ಬರೆದುಕೊಂಡು, ಮತ್ತೆ ಮತ್ತೆ ಬರುವ ಸಾಕ್ಷಿಗಳಿಗೆ ಗುರುತು ಹಾಕಿ. ತಂದೆಯ ಹೆಸರು ಮೂರು ಬಗೆಯಲ್ಲಿ ಬರೆದಿದ್ದರೂ ಸಾಕ್ಷಿಗಳು ಅವರೇ ಆಗಿದ್ದರೆ ಮನೆ ಒಂದೇ.

ಹೆಂಗಸರ ವಿಷಯದಲ್ಲಿ ಡಚ್ ದಾಖಲೆ ದೊಡ್ಡ ಉಪಕಾರಿ. ಮದುವೆಯಾದ ಮೇಲೂ ತವರಿನ ಹೆಸರೇ ಬರೆಯುತ್ತಿದ್ದರು. ನಿಕೊಲಾಸನ ಹೆಂಡತಿ ಹೈಲ್ತ್ಯೆ ಯಾನ್ಸ್ ಕುನ್ಸ್ಟ್: ಯಾನ್ ಎಂಬವನ ಮಗಳು, ಕುನ್ಸ್ಟ್ ಮನೆತನ, ಎಲ್ಲವೂ ಒಂದೇ ಸಾಲಿನಲ್ಲಿ. ಇಂಗ್ಲಿಷ್ ರೂಢಿ ಬಂದ ಮೇಲೆ ಆಕೆಯಂಥವರು ಬರೀ ‘ಇಂಥವನ ಹೆಂಡತಿ’ಯಾಗಿ ಮರೆಯಾಗುತ್ತಾರೆ.

ಮಕ್ಕಳಿಗೆ ಹೆಸರಿಡುವ ಕ್ರಮವೂ ಸುಳಿವು ಕೊಡುತ್ತದೆ. ಮೊದಲಿಬ್ಬರು ಗಂಡುಮಕ್ಕಳಿಗೆ ಇಬ್ಬರು ಅಜ್ಜಂದಿರ ಹೆಸರು, ಮೊದಲಿಬ್ಬರು ಹೆಣ್ಣುಮಕ್ಕಳಿಗೆ ಇಬ್ಬರು ಅಜ್ಜಿಯರ ಹೆಸರು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟಂತೆಯೇ. ನಿಕೊಲಾಸ್ ಮತ್ತು ಹೈಲ್ತ್ಯೆಯ ಮೊದಲ ಮಗಳು ಯಾನೆತ್ಯೆ, ಅಪ್ಪನ ತಾಯಿಯ ಹೆಸರು. ಗಂಡುಮಕ್ಕಳಲ್ಲಿ ಮೊದಲು ನಿಕೊಲಾಸ್, ಅಂದರೆ ಅಜ್ಜ ಕ್ಲಾಸ್. ಆಮೇಲೆ ಯೊಹಾನ್ನೆಸ್, ಅಂದರೆ ಹೈಲ್ತ್ಯೆಯ ಅಪ್ಪ ಯಾನ್. ಕ್ಲಾಸ್ ಮತ್ತು ನಿಕೊಲಾಸ್, ಯಾನ್ ಮತ್ತು ಯೊಹಾನ್ನೆಸ್ ಒಂದೇ ಎಂದು ತಿಳಿಯದವನಿಗೆ ಇದರಲ್ಲಿ ಯಾವ ಕ್ರಮವೂ ಕಾಣದು. ಮಗುವೊಂದು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುತ್ತಿದ್ದರು. ಆದ್ದರಿಂದ ಪುಸ್ತಕದಲ್ಲಿ ಸಿಕ್ಕ ಮೊದಲ ತಾರೀಖನ್ನೇ ಹುಟ್ಟಿದ ವರ್ಷವೆಂದು ಹಿಡಿಯಬೇಡಿ, ಮುಂದಿನ ಪುಟಗಳನ್ನೂ ತಿರುವಿ ನೋಡಿ.

ಮದುವೆ ಪುಸ್ತಕದಲ್ಲಿ ಇನ್ನೊಂದು ಬಲೆ ಇದೆ. ‘ಜೆ.ಎಂ.’ ಎಂದರೆ ಮದುವೆಯಾಗಿರದ ಗಂಡು, ‘ಜೆ.ಡಿ.’ ಎಂದರೆ ಮದುವೆಯಾಗಿರದ ಹೆಣ್ಣು. ಅದರ ಮುಂದೆ ಬರುವ ‘ವಾನ್’ ಹುಟ್ಟೂರನ್ನು ಹೇಳುತ್ತದೆ, ಮನೆತನವನ್ನಲ್ಲ. ‘ಜೆ.ಡಿ. ವಾನ್ ನ್ಯೂಯಾರ್ಕ್’ ಎಂದಿದ್ದರೆ ನ್ಯೂಯಾರ್ಕಿನಲ್ಲಿ ಹುಟ್ಟಿದ ಕನ್ಯೆ, ಅಷ್ಟೇ. ತಾರೀಖಿನ ಬಗ್ಗೆಯೂ ಒಂದು ಮಾತು: ಇಂಗ್ಲಿಷ್ ಆಡಳಿತದ ಕಡತಗಳು 1752ರವರೆಗೆ ಹಳೆಯ ಜೂಲಿಯನ್ ಪಂಚಾಂಗದಲ್ಲಿದ್ದವು. 17ನೇ ಶತಮಾನದಲ್ಲಿ 10 ದಿನ, 1700ರ ನಂತರ 11 ದಿನದ ವ್ಯತ್ಯಾಸ. ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1691/92 ಎಂದು ಜೋಡಿ ವರ್ಷ ಕಂಡರೆ ಹಾಗೆಯೇ ನಕಲು ಮಾಡಿಕೊಳ್ಳಿ, ‘ಸರಿಪಡಿಸಲು’ ಹೋಗಬೇಡಿ.

ಹೆಸರು ಗಟ್ಟಿಯಾದ ಮೇಲೆ ತೊಡಕು ಬೇರೆ ರೂಪ ತಾಳಿತು. ಎರಡೂ ಕವಲುಗಳಲ್ಲಿ ಯಾಕೋಬಸ್ ಎಂಬ ಹೆಸರು ಮತ್ತೆ ಮತ್ತೆ ಬಂತು, ಇಂಗ್ಲಿಷಿನಲ್ಲಿ ಅದು ಜೇಮ್ಸ್ ಆಯಿತು. 1759ರಲ್ಲಿ ಹುಟ್ಟಿದ ಜೇಮ್ಸ್ ರೋಸವೆಲ್ಟ್ ಥಿಯೋಡರನ ಮುತ್ತಜ್ಜ. 1760ರಲ್ಲಿ ಹುಟ್ಟಿದ ಜೇಮ್ಸ್ ರೋಸವೆಲ್ಟ್ ಫ್ರಾಂಕ್ಲಿನ್ನನ ಮುತ್ತಜ್ಜ. ಇಬ್ಬರೂ ನ್ಯೂಯಾರ್ಕಿನವರು, ಇಬ್ಬರೂ ವ್ಯಾಪಾರಸ್ಥರು, ಸಾಲದೆಂಬಂತೆ ಇಬ್ಬರ ಹೆಂಡತಿಯರೂ ಮರಿಯಾ! ಹೆಂಡತಿಯ ತವರು ಒಂದೇ ಇಲ್ಲಿ ದಾರಿ ತೋರಿಸುವುದು: ಮೊದಲನೆಯವನದು ವಾನ್ ಸ್ಕಾಕ್, ಎರಡನೆಯವನ ಮೊದಲ ಹೆಂಡತಿಯದು ವಾಲ್ಟನ್. ಮೊದಲನೆಯವನು ಮಗನಿಗೆ ಕಾರ್ನೀಲಿಯಸ್ ವಾನ್ ಸ್ಕಾಕ್ ರೋಸವೆಲ್ಟ್ ಎಂದು ಹೆಸರಿಟ್ಟ. ತಾಯಿಯ ಮನೆತನವನ್ನು ನಡುಹೆಸರಾಗಿ ಉಳಿಸುವ ಈ ರೂಢಿ ಹುಡುಕುವವರ ಪಾಲಿಗೆ ಚಿನ್ನ. ನಡುವೆ ಒಂದೇ ಅಕ್ಷರವಿದ್ದರೆ ಅದು ಎಷ್ಟೋ ಸಲ ಅಪ್ಪನ ಹೆಸರಿನ ಮೊದಲಕ್ಷರ. ಒಂದೇ ಹೆಸರಿನ ದಾಯಾದಿಗಳನ್ನು ಬೇರ್ಪಡಿಸಲು ಡಚ್ ಮನೆಗಳು ಉಳಿಸಿಕೊಂಡಿದ್ದ ಉಪಾಯ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಸೂಚಿಗಳು. ಅಮೆರಿಕದ ಜನಗಣತಿಗೆ 1930ರ ದಶಕದಲ್ಲಿ ಮಾಡಿದ ಕಾರ್ಡು ಸೂಚಿ ‘ಸೌಂಡೆಕ್ಸ್’ ಎಂಬ ಸಂಕೇತದ ಮೇಲೆ ನಿಂತಿದೆ. ಹೆಸರಿನ ಮೊದಲಕ್ಷರ, ನಂತರ ವ್ಯಂಜನಗಳಿಗೆ ಮೂರು ಅಂಕಿ: ಬಿ, ಎಫ್, ಪಿ, ವಿ ಗೆ 1, ಸಿ, ಜಿ, ಜೆ, ಕೆ, ಕ್ಯೂ, ಎಸ್, ಎಕ್ಸ್, ಜೆಡ್ ಗೆ 2, ಡಿ, ಟಿ ಗೆ 3, ಎಲ್ ಗೆ 4, ಎಂ, ಎನ್ ಗೆ 5, ಆರ್ ಗೆ 6. ಸ್ವರಗಳೂ ಎಚ್, ಡಬ್ಲ್ಯೂ, ವೈ ಅಕ್ಷರಗಳೂ ಲೆಕ್ಕಕ್ಕಿಲ್ಲ. ಇಂದಿನ ಕಾಗುಣಿತದ ರೋಸವೆಲ್ಟ್ ಆರ್214. ಓಕಾರ ಒಂದಿರಲಿ ಎರಡಿರಲಿ, ಕೊನೆಗೆ ಡ ಇರಲಿ ಟ ಇರಲಿ, ಅದೇ ಸಂಕೇತ. ಆದರೆ ಹಳೆಯ ನಕಾರ ಉಳಿದ ರೋಸೆನ್‌ವೆಲ್ಟ್ ಆರ್251ಕ್ಕೆ ಹಾರುತ್ತದೆ. ಡಚ್ಚರ ಕಿವಿಗೆ ವಿ ಮತ್ತು ಡಬ್ಲ್ಯೂ ಹತ್ತಿರ. ಗುಮಾಸ್ತ ಡಬ್ಲ್ಯೂ ಬರೆದಿದ್ದರೆ ಆರ್243. ಮೂರನ್ನೂ ನೋಡದೆ ‘ಸಿಗಲಿಲ್ಲ’ ಎಂದು ಬರೆಯಬೇಡಿ. ‘ವಾನ್’ ಇರುವ ಹೆಸರನ್ನು ‘ವಾನ್’ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ನೋಡಬೇಕು: ವಾನ್ ಡೈಕ್ ವಿ532ರಲ್ಲೂ ಇರಬಹುದು, ಡಿ200ರಲ್ಲೂ. ಮೊದಲಕ್ಷರವೇ ಬದಲಾದಾಗ ಸೌಂಡೆಕ್ಸ್ ಪೂರ್ತಿ ಕೈಕೊಡುತ್ತದೆ. ಪೀಪಾಯಿ ಮಾಡುವ ಕೈಪರ್ ಇಂಗ್ಲಿಷಿನಲ್ಲಿ ಕೂಪರ್ ಆದಾಗ ಕೆ160 ಹೋಗಿ ಸಿ160 ಆಯಿತು.

ಡಚ್ ಹೆಸರಿನ ಅಮೆರಿಕನ್ನರೆಲ್ಲ ಇದೇ ಹಳೆಯ ವಸಾಹತಿನವರಲ್ಲ. 1847ರಲ್ಲಿ ಮಿಷಿಗನ್ನಿನ ಹಾಲೆಂಡ್, ಅಯೋವಾದ ಪೆಲ್ಲಾ ಊರುಗಳನ್ನು ಕಟ್ಟಿದವರು ಬೇರೆ ಅಲೆ. ‘ಸ್ಟ್ರಾ’ ಎಂದು ಮುಗಿದರೆ ಫ್ರೀಸ್‌ಲಂಡ್ ಕಡೆ, ‘ಇಂಕ್’ ಎಂದರೆ ಪೂರ್ವ ಗಡಿಯ ಹೊಲಮನೆಗಳ ಕಡೆ ಮೊದಲು ನೋಡಿ. ಎಲ್ಲರೂ ಅಡ್ಡಹೆಸರು ದಾಖಲಿಸಲೇಬೇಕೆಂದು ನೆಪೋಲಿಯನ್ 1811ರಲ್ಲಿ ಹೊರಡಿಸಿದ ಆಜ್ಞೆ ಇವರ ಪೂರ್ವಜರಿಗೆ ಅನ್ವಯ; ಅಷ್ಟು ಹೊತ್ತಿಗೆ ರೋಸವೆಲ್ಟರ ಹೆಸರು ನ್ಯೂಯಾರ್ಕಿನಲ್ಲಿ ನೂರು ವರ್ಷ ಹಳತಾಗಿತ್ತು. ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದ ಅಧಿಕಾರಿಗಳು ಹೆಸರು ತಿರುಚಿದರು ಎಂಬ ಕತೆಯನ್ನೂ ಕೈಬಿಡಿ. ಪ್ರಯಾಣಿಕರ ಪಟ್ಟಿ ಹಡಗು ಹೊರಡುವ ಬಂದರಿನಲ್ಲೇ ಬರೆದು ಬರುತ್ತಿತ್ತು. ಹೆಸರು ಬದಲಿಸಿಕೊಂಡದ್ದು ಹೆಚ್ಚಾಗಿ ಆ ಜನರೇ, ಇಳಿದ ಮೇಲೆ, ತಮ್ಮ ಅನುಕೂಲಕ್ಕೆ.

ಹೆಸರು ಒಂದಾದರೆ ರಕ್ತವೂ ಒಂದೆಂದು ತಿಳಿಯುವುದು ಕೊನೆಯ ಗುಂಡಿ. ಫ್ರಾಂಕ್ಲಿನ್ ಅಧ್ಯಕ್ಷರಾಗಿದ್ದಾಗ, ಅವರ ಹೆಸರು ಯೆಹೂದಿಗಳ ‘ರೋಸೆನ್‌ಫೆಲ್ಡ್’ನಿಂದ ಬಂದದ್ದೆಂದು ದ್ವೇಷದಿಂದ ಹಬ್ಬಿಸಿದವರಿದ್ದರು. ಗುಲಾಬಿ ಬಯಲು ಎಂಬ ಅರ್ಥದ ಹೆಸರು ಎಲ್ಲಿ ಬೇಕಾದರೂ ಹುಟ್ಟಬಹುದು. ಹಳ್ಳಿಗೊಂದು ಹೊಸಮನೆ ಇದ್ದರೆ ಹೊಸಮನಿಯವರೆಲ್ಲ ನೆಂಟರೇ? ಹಡ್ಸನ್ ಕಣಿವೆಯ ಡಚ್ ಮನೆಗಳಲ್ಲಿ ಗುಲಾಮರಾಗಿದ್ದ ಕಪ್ಪು ಜನರೂ ಡಚ್ ಹೆಸರುಗಳನ್ನು ಹೊತ್ತರು. ಗುಲಾಮಗಿರಿಯ ವಿರುದ್ಧ ಹೋರಾಡಿ ಸೋಜರ್ನರ್ ಟ್ರೂತ್ ಎಂದು ಹೆಸರಾದ ಇಸಬೆಲ್ಲಾಳ ಮೊದಲ ಮಾತು ಡಚ್. ತನಗೆ ಆಸರೆ ಕೊಟ್ಟ ಮನೆಯ ಹೆಸರು ಹಿಡಿದು ಕೆಲಕಾಲ ಇಸಬೆಲ್ಲಾ ವಾನ್ ವಾಗೆನೆನ್ ಆಗಿದ್ದಳು. ನ್ಯೂಯಾರ್ಕಿನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದದ್ದು 1827ರ ಜುಲೈ 4ರಂದು. ಅದಕ್ಕೂ ಹಿಂದಿನ ಜನಗಣತಿಗಳಲ್ಲಿ ಗುಲಾಮರು ಬರೀ ಎಣಿಕೆ, ಹೆಸರಿಲ್ಲ. ಅವರನ್ನು ಯಜಮಾನರ ಉಯಿಲಿನಲ್ಲಿ, ಚರ್ಚಿನ ಪುಸ್ತಕದಲ್ಲಿ ಹುಡುಕಬೇಕು.

ಎಲಿನೋರ್ ರೋಸವೆಲ್ಟ್ ಎಂಬ ನಮೂದು ಕಂಡರೆ ವರ್ಷ ನೋಡದೆ ಮುಂದೆ ಹೋಗಬೇಡಿ. 1905ರ ಮಾರ್ಚ್ 17ರಂದು ಫ್ರಾಂಕ್ಲಿನ್ನನ್ನು ಮದುವೆಯಾದ ಆಕೆ ಥಿಯೋಡರರ ತಮ್ಮನ ಮಗಳು. ತವರಿನ ಹೆಸರೂ ಅದೇ, ಗಂಡನ ಮನೆಯದೂ ಅದೇ. ಕಂಪ್ಯೂಟರಿನ ಹುಡುಕಾಟದಲ್ಲಿ ಅಡ್ಡಹೆಸರಿನ ಖಾನೆಗೆ ಮಾತ್ರ ಪದ ತುಂಬಿ. ಎಲ್ಲ ಖಾನೆಗಳಲ್ಲೂ ಹುಡುಕಿದರೆ ಊರು, ಕೌಂಟಿ, ಆಸ್ಪತ್ರೆಗಳ ಜತೆಗೆ ಅದನ್ನು ಸ್ವಂತ ಹೆಸರಾಗಿ ಪಡೆದ ಸಾವಿರಾರು ಜನ ಬಂದು ಬೀಳುತ್ತಾರೆ. ಥಿಯೋಡರ್ ತೀರಿಕೊಂಡದ್ದು 1919ರ ಜನವರಿ 6. ಜಾರ್ಜಿಯಾದಲ್ಲಿ ಅದೇ ತಿಂಗಳ 31ರಂದು ಹುಟ್ಟಿದ ಮಗುವಿಗೆ ಅವರ ನೆನಪಿಗೆಂದು ಜ್ಯಾಕ್ ರೋಸವೆಲ್ಟ್ ರಾಬಿನ್ಸನ್ ಎಂದು ಹೆಸರಿಟ್ಟರು. ಬೇಸ್‌ಬಾಲ್ ಆಟದ ವರ್ಣಗೋಡೆ ಒಡೆದ ಜ್ಯಾಕಿ ರಾಬಿನ್ಸನ್ ಅವರೇ.