ತಂದೆಯ ಸಂಬಳಕ್ಕೂ ನಿಮ್ಮ ಯುವನಿಧಿಗೂ ಸಂಬಂಧವಿಲ್ಲ

“ನಮ್ಮ ತಂದೆ ತೆರಿಗೆ ಕಟ್ಟುತ್ತಾರೆ. ನನಗೆ ಯುವನಿಧಿ ಸಿಗುವುದಿಲ್ಲ ಅಲ್ಲವೇ ಮೇಡಂ?” ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿಯ ಬಗ್ಗೆ, ಪದವಿ ಮುಗಿಸಿ ಮನೆಯಲ್ಲಿರುವ ಮಕ್ಕಳು ನಮ್ಮ ಸೇವಾ ಕೇಂದ್ರದಲ್ಲಿ ಮೊದಲು ಕೇಳುವುದೇ ಇದನ್ನು. ಹೀಗೆ ಬಂದು ಕೇಳುವವರ ಬಗ್ಗೆ ನನಗೆ ಚಿಂತೆಯಿಲ್ಲ. ಸಿಗುವುದಿಲ್ಲವೆಂದು ತಾವೇ ತೀರ್ಮಾನಿಸಿ ಅರ್ಜಿಯನ್ನೇ ಹಾಕದವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಗೊಂದಲದ ಮೂಲ ಗೃಹಲಕ್ಷ್ಮಿ, ಅಂದರೆ ಮನೆಯ ಯಜಮಾನಿಗೆ ತಿಂಗಳಿಗೊಮ್ಮೆ ಹಣ ಕೊಡುವ ಸರ್ಕಾರಿ ಯೋಜನೆ. ಮನೆಯ ಯಜಮಾನಿ ಅಥವಾ ಅವರ ಪತಿ ಆದಾಯ ತೆರಿಗೆ ಪಾವತಿಸುತ್ತಿದ್ದರೆ ಆ 2,000 ರೂಪಾಯಿ ಬರುವುದಿಲ್ಲ. ತಾಯಿಗೆ ಸಿಗದ್ದು ತನಗೂ ಸಿಗದು ಎಂದು ಮಗ ಭಾವಿಸುತ್ತಾನೆ. ಆದರೆ ಯುವನಿಧಿಯಲ್ಲಿ ನೋಡುವುದು ಅಭ್ಯರ್ಥಿಯನ್ನು, ಹೆತ್ತವರ ಆದಾಯವನ್ನಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಅದೂ ಗರಿಷ್ಠ ಎರಡು ವರ್ಷ. ತೇರ್ಗಡೆಯಾಗಿ 180 ದಿನ ಕಳೆದರೂ ನಿಮಗೆ ಕೆಲಸ ಸಿಕ್ಕಿಲ್ಲವೇ? ನೀವು ಉನ್ನತ ವ್ಯಾಸಂಗಕ್ಕೆ ಸೇರಿದ್ದೀರಾ? ಅಪ್ರೆಂಟಿಸ್ ಆಗಿ ಭತ್ಯೆ ಪಡೆಯುತ್ತಿದ್ದೀರಾ? ಸಾಲ ಪಡೆದು ಸ್ವಂತ ಉದ್ಯೋಗ ನಡೆಸುತ್ತಿದ್ದೀರಾ? ಎಲ್ಲ ಪ್ರಶ್ನೆಗಳೂ ನಿಮ್ಮನ್ನು ಕುರಿತವು. ತಂದೆಯ ಹುದ್ದೆ ಯಾವುದು, ಪಡಿತರ ಚೀಟಿ ಎಪಿಎಲ್ಲೋ ಬಿಪಿಎಲ್ಲೋ ಎಂಬುದು ಇಲ್ಲಿ ಬರುವುದಿಲ್ಲ.

ಒಮ್ಮೆ ಶಿಕ್ಷಕರೊಬ್ಬರು ಮಗಳೊಂದಿಗೆ ಪಹಣಿ ತೆಗೆಸಲು ಬಂದಿದ್ದರು. ಮಗಳು ಬಿ.ಎಸ್ಸಿ. ಮುಗಿಸಿ ಮನೆಯಲ್ಲೇ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಳು. ಯುವನಿಧಿಯ ಮಾತು ತೆಗೆದೆ. “ನಾವು ಸರ್ಕಾರಿ ನೌಕರರಮ್ಮ, ನಾವು ಹಾಕುವಂತಿಲ್ಲ” ಎಂದರು. ನೌಕರರು ನೀವು ಸರ್, ಮಗಳಲ್ಲವಲ್ಲ ಎಂದೆ. ಆ ಹುಡುಗಿ ಮೆಲ್ಲಗೆ ಹೇಳಿದ್ದು ಕೇಳಿ ಅವರೂ ಸುಮ್ಮನಾದರು. ಪ್ರತಿ ಸಲ ಪರೀಕ್ಷಾ ಶುಲ್ಕಕ್ಕೆ ಕೈಚಾಚಲು ಸಂಕೋಚವಾಗಿ ಕೆಲವು ಪರೀಕ್ಷೆಗಳನ್ನೇ ಬಿಟ್ಟಿದ್ದಳಂತೆ. ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ ಎಂದಮಾತ್ರಕ್ಕೆ ಮಕ್ಕಳ ಕೈಯಲ್ಲಿ ಕಾಸಿದೆ ಎಂದಲ್ಲ. ಆ ಹಣ ಬೇಡವೆನ್ನುವುದು ನಿಮ್ಮ ಆಯ್ಕೆಯಾದರೆ ನನ್ನ ತಕರಾರಿಲ್ಲ. ನಿಯಮವೇ ಬಿಡುವುದಿಲ್ಲ ಎಂದು ಮಾತ್ರ ಹೇಳಬೇಡಿ.

ಇನ್ನೊಂದು ಮಾತು. ಕೆಲವರು ತಂದೆಯ ಪಾಸ್‌ಬುಕ್ ತರುತ್ತಾರೆ. ಹಣ ಜಮೆಯಾಗುವುದು ನಿಮ್ಮ ಆಧಾರ್‌ಗೆ ಜೋಡಣೆಯಾದ ನಿಮ್ಮದೇ ಖಾತೆಗೆ. ಎರಡು ಖಾತೆಗಳಿದ್ದರೆ, ನೇರ ನಗದು ವರ್ಗಾವಣೆಗೆಂದು ಕೊನೆಯ ಬಾರಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಕಾಲೇಜಿನಲ್ಲಿದ್ದಾಗ ತೆರೆದು ಮರೆತ ಖಾತೆಯಲ್ಲಿ ಹಣ ಕುಳಿತಿರುವುದನ್ನು ಕಂಡಿದ್ದೇನೆ.

ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿದ ಮೇಲೆ, ಇನ್ನೂ ನಿರುದ್ಯೋಗಿ ಎಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಸಲ್ಲಿಸುತ್ತಲೇ ಇರಬೇಕು. ತಪ್ಪಿದರೆ ಹಣ ನಿಲ್ಲುತ್ತದೆ. ಕೆಲಸ ಸಿಕ್ಕಿದರೆ ತಿಳಿಸಿಬಿಡಿ, ಸುಳ್ಳು ಘೋಷಣೆಗೆ ದಂಡವಿದೆ. ಮನೆಯ ಅಂಗಡಿಯಲ್ಲಿ ಕೂರುವ ಮಕ್ಕಳ ವಿಷಯದಲ್ಲಿ ಮಾತ್ರ ನಾನು ಅವಸರದ ಉತ್ತರ ಕೊಡುವುದಿಲ್ಲ. ಸಂಬಳವಿಲ್ಲದೆ ತಂದೆಗೆ ನೆರವಾಗುವುದು ಬೇರೆ, ಅಂಗಡಿಯ ಪರವಾನಗಿಯೋ ಸಾಲವೋ ನಿಮ್ಮ ಹೆಸರಿನಲ್ಲಿರುವುದು ಬೇರೆ. ಅಂಥವರು ಘೋಷಣೆ ಸಲ್ಲಿಸುವ ಮೊದಲೇ ಕಾಗದಪತ್ರಗಳೊಂದಿಗೆ ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋಗಿ ಕೇಳಿ.