ಸಮಾಧಿಯ ಬಳಿ ಆಡುವ ಮಾತು: ಇಂಗ್ಲೆಂಡಿನ 1880ರ ಶವಸಂಸ್ಕಾರ ಕಾಯ್ದೆಯ ಕುರಿತ ಟಿಪ್ಪಣಿ

ವಿಕ್ಟೋರಿಯಾ ರಾಣಿಯ ಕಾಲದ ಶವಸಂಸ್ಕಾರ ಕಾಯ್ದೆಗಳನ್ನು ಮೊದಲ ಸಲ ಓದುವವರು ಅವೆಲ್ಲವೂ ಸಾರ್ವಜನಿಕ ಆರೋಗ್ಯಕ್ಕೆ ಸಂಬಂಧಿಸಿದವು ಎಂದು ಭಾವಿಸುವುದು ಸಹಜ. ಲಂಡನ್ನಿನ ಸಮಾಧಿಭೂಮಿಗಳು ಹೆಣಗಳಿಂದ ತುಂಬಿಹೋಗಿದ್ದುದನ್ನು ಜಾರ್ಜ್ ಆಲ್ಫ್ರೆಡ್ ವಾಕರ್ ಎಂಬ ಶಸ್ತ್ರವೈದ್ಯರು 1839ರಲ್ಲಿ ಬರೆದು ತೋರಿಸಿದರು. 1843ರಲ್ಲಿ ಎಡ್ವಿನ್ ಚಾಡ್‌ವಿಕ್ ಅವರ ವರದಿ ಬಂದಿತು. 1848–49ರ ಕಾಲರಾ ಉಳಿದ ಅನುಮಾನವನ್ನೂ ತೊಡೆದುಹಾಕಿತು. 1852ರಿಂದ ಸಾಲಾಗಿ ಬಂದ ಕಾಯ್ದೆಗಳು ಊರೊಳಗಿನ ಸಮಾಧಿಭೂಮಿಗಳನ್ನು ಮುಚ್ಚಿಸಿ, ಹೊರವಲಯದಲ್ಲಿ ಹೊಸವನ್ನು ತೆರೆಯಲು ದಾರಿ ಮಾಡಿದವು. ಈ ಕಥೆ ಪಠ್ಯಪುಸ್ತಕಗಳಲ್ಲಿ ಸಾಕಷ್ಟು ಸಿಗುತ್ತದೆ. ನಾವು ನಿಂತು ಓದಬೇಕಾದದ್ದು ಬೇರೊಂದು ಪ್ರಶ್ನೆಯನ್ನು: ಸತ್ತವರನ್ನು ಮಣ್ಣು ಮಾಡುವಾಗ ಯಾರು, ಯಾವ ಮಾತನ್ನು ಆಡಬಹುದು?

ಇಂಗ್ಲೆಂಡಿನ ಸಾಮಾನ್ಯ ಕಾನೂನಿನ ಪ್ರಕಾರ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶದಲ್ಲಿ, ವಾಸಿಸುವ ವ್ಯಕ್ತಿಗೆ ಅಲ್ಲಿನ ಚರ್ಚಿನ ಅಂಗಳದಲ್ಲಿ ಹೂಳಿಸಿಕೊಳ್ಳುವ ಹಕ್ಕಿತ್ತು. ಬ್ಯಾಪ್ಟಿಸ್ಟರು, ಮೆಥೊಡಿಸ್ಟರು ಮೊದಲಾದ ಭಿನ್ನ ಪಂಗಡದವರಿಗೂ ಆ ನೆಲ ಸಿಗುತ್ತಿತ್ತು. ಆದರೆ ಅಲ್ಲಿ ತಮ್ಮ ಪಂಗಡದ ಪ್ರಾರ್ಥನೆ ಮಾಡುವ ಹಕ್ಕು ಸಿಗುತ್ತಿರಲಿಲ್ಲ. ದೇಶದ ಅಧಿಕೃತ ಚರ್ಚಾದ ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿ ತನ್ನ ಪ್ರಾರ್ಥನಾ ಪುಸ್ತಕದಂತೆ ವಿಧಿ ನಡೆಸಬೇಕಿತ್ತು, ಮತ್ತು ದೀಕ್ಷಾಸ್ನಾನವಿಲ್ಲದೆ ಸತ್ತವರಿಗೆ, ಬಹಿಷ್ಕೃತರಿಗೆ, ಆತ್ಮಹತ್ಯೆ ಮಾಡಿಕೊಂಡವರಿಗೆ ಆ ವಿಧಿ ಸಲ್ಲದು ಎಂದು ಅದೇ ಪುಸ್ತಕ ಹೇಳುತ್ತಿತ್ತು. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸದ ಬ್ಯಾಪ್ಟಿಸ್ಟ್ ಕುಟುಂಬಗಳಿಗೆ ಇದು ಎಷ್ಟು ಕಠಿಣವಾಗಿತ್ತೆಂಬುದನ್ನು ಸಫೋಕ್‌ನ ಏಕನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ 1878ರ ಆಗಸ್ಟ್ 23ರಂದು ನಡೆದದ್ದು ತೋರಿಸುತ್ತದೆ. ಕೃಷಿಕೂಲಿಯೊಬ್ಬರ ಎರಡು ವರ್ಷದ ಮಗುವಿನ ಶವವನ್ನು ಚರ್ಚಿನ ಉತ್ತರಕ್ಕೆ ಯಾವ ವಿಧಿಯೂ ಇಲ್ಲದೆ ಹೂಳಲು ಮಾತ್ರ ಒಪ್ಪಿಗೆ ದೊರೆತಿತ್ತು. ಹೀಗಾಗಿ ವಿಕ್‌ಹ್ಯಾಮ್ ಟೋಜರ್ ಎಂಬ ಕಾಂಗ್ರಿಗೇಷನಲ್ (ಇನ್ನೊಂದು ಭಿನ್ನ ಪಂಗಡ) ಬೋಧಕರು ಗೇಟಿನ ಹೊರಗಿನ ಹುಲ್ಲುಗಾವಲಿನಲ್ಲಿ ನಿಂತು ಪ್ರಾರ್ಥನೆ ನಡೆಸುತ್ತಿದ್ದರು. ಪಾದ್ರಿ ಜಾರ್ಜ್ ಡ್ರೂರಿ ಅದನ್ನು ನಡುವೆಯೇ ತಡೆದರು. ಶವಪೆಟ್ಟಿಗೆಯ ಎದುರಿನಲ್ಲೇ ವಾಗ್ವಾದ ನಡೆಯಿತು. ಕೊನೆಗೆ ಡ್ರೂರಿ ಗೇಟಿಗೆ ಬೀಗ ಹಾಕಿ ಹೊರಟುಹೋದರು. ಪತ್ರಿಕೆಯಲ್ಲಿ ಬಂದ ವರದಿಯ ಮೇಲೆ ಅವರು ಮಾನನಷ್ಟ ಮೊಕದ್ದಮೆ ಹೂಡಿ 1879ರಲ್ಲಿ 40 ಷಿಲಿಂಗ್ ಪರಿಹಾರ ಗೆದ್ದರು, ಆದರೆ ಸಾರ್ವಜನಿಕರ ಮನಸ್ಸು ಮಗುವಿನ ತಂದೆತಾಯಿಯ ಕಡೆಗೆ ವಾಲಿತ್ತು.

ಜಾರ್ಜ್ ಆಸ್ಬೋರ್ನ್ ಮೋರ್ಗನ್ ಎಂಬ ಸಂಸದರು 1870ರಿಂದಲೂ ತರುತ್ತಿದ್ದ ಮಸೂದೆಗಳು ಬಿದ್ದುಹೋಗುತ್ತಿದ್ದವು. ಗ್ಲಾಡ್‌ಸ್ಟನ್ ಮತ್ತೆ ಪ್ರಧಾನಿಯಾದ ವರ್ಷ, ಅಂದರೆ 1880ರಲ್ಲಿ, ಶವಸಂಸ್ಕಾರ ಕಾನೂನುಗಳ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿತು. ಮೊದಲನೆಯ ಸೆಕ್ಷನ್ನಿನ ಪ್ರಕಾರ, ಸಂಸ್ಕಾರದ ಹೊಣೆ ಹೊತ್ತ ಬಂಧು ಅಥವಾ ಸ್ನೇಹಿತರು ಪಾದ್ರಿಗೆ 48 ಗಂಟೆ ಮೊದಲು ಲಿಖಿತ ನೋಟಿಸ್ ಕೊಟ್ಟರೆ ಸಾಕು. ಚರ್ಚ್ ಆಫ್ ಇಂಗ್ಲೆಂಡಿನ ವಿಧಿಯಿಲ್ಲದೆಯೇ ಚರ್ಚಿನ ಅಂಗಳದಲ್ಲಿ ಹೂಳಬಹುದು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಅದು ಅನುಮತಿಗಾಗಿ ಸಲ್ಲಿಸುವ ಅರ್ಜಿಯಲ್ಲ, ಕೇವಲ ತಿಳಿವಳಿಕೆ ಪತ್ರ. ಪಾದ್ರಿಗೆ ಉಳಿದದ್ದು ಸಮಯದ ಕುರಿತ ಸೀಮಿತ ಆಕ್ಷೇಪಣೆಯ ಅವಕಾಶವಷ್ಟೆ.

ಆರನೆಯ ಮತ್ತು ಏಳನೆಯ ಸೆಕ್ಷನ್‌ಗಳನ್ನು ಜೊತೆಯಾಗಿಯೇ ಓದಬೇಕೆಂಬುದು ನನ್ನ ಒತ್ತಾಯ. ಬಿಡಿಯಾಗಿ ಓದಿದರೆ ಕಾಯ್ದೆಯ ನಿಜಸ್ವರೂಪ ಕೈಗೆ ಸಿಗುವುದಿಲ್ಲ. ವಿಧಿಯೇ ಇಲ್ಲದೆ, ಇಲ್ಲವೇ ಯಾವುದೇ ಕ್ರೈಸ್ತ ಪಂಗಡದ ವಿಧಿಯಿಂದ ಹೂಳಬಹುದು ಎಂದು ಆರನೆಯದು ಬಾಗಿಲು ತೆರೆಯುತ್ತದೆ. ಸಂಸ್ಕಾರವು ಸಭ್ಯವಾಗಿಯೂ ಕ್ರಮಬದ್ಧವಾಗಿಯೂ ನಡೆಯಬೇಕು ಎಂದು ಏಳನೆಯದು ಹೇಳಿ, ಗಲಭೆ, ಹಿಂಸೆ, ಅಸಭ್ಯ ವರ್ತನೆ ಮತ್ತು ಉದ್ದೇಶಪೂರ್ವಕ ಅಡ್ಡಿಯನ್ನು ಅಪರಾಧವಾಗಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಧಾರ್ಮಿಕ ವಿಧಿಯ ಭಾಗವಲ್ಲದ ಭಾಷಣ ಮಾಡುವುದನ್ನೂ, ಕ್ರೈಸ್ತ ಧರ್ಮವನ್ನಾಗಲಿ ಅದರ ಯಾವುದೇ ಪಂಗಡದ ನಂಬಿಕೆಯನ್ನಾಗಲಿ ಉದ್ದೇಶಪೂರ್ವಕವಾಗಿ ತಿರಸ್ಕಾರಕ್ಕೆ ಗುರಿಮಾಡುವುದನ್ನೂ ಅದೇ ಸಾಲಿಗೆ ಸೇರಿಸುತ್ತದೆ. ಎಂದರೆ, ಧರ್ಮವಿಲ್ಲದವನನ್ನು ಈ ಕಾಯ್ದೆಯಡಿ ಮೌನವಾಗಿ ಹೂಳಬಹುದು, ಆದರೆ ಅವನ ಗೆಳೆಯನು ಗುಂಡಿಯ ಪಕ್ಕದಲ್ಲಿ ನಿಂತು ಅವನ ಕುರಿತು ನಾಲ್ಕು ಮಾತು ಭಾಷಣವಾಗಿ ಹೇಳಿದರೆ ಕಾನೂನು ಎದುರಾಗುತ್ತದೆ. ಪಾದ್ರಿಯ ಕೈಯಿಂದ ತಪ್ಪಿದ ನಿಯಂತ್ರಣದ ಒಂದು ಪಾಲನ್ನು ಸಂಸತ್ತು ತಾನೇ ಎತ್ತಿಕೊಂಡಿತು ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ.

ಇದನ್ನು 1847ರ ಸ್ಮಶಾನ ಕಾಯ್ದೆಯ 59ನೆಯ ಸೆಕ್ಷನ್ನಿನ ಜೊತೆ ಹೋಲಿಸಿ ನೋಡಬೇಕು. ಅಲ್ಲಿ ಆಟವಾಡುವುದು, ಸೈನಿಕ ಶವಯಾತ್ರೆಯ ಹೊರತಾಗಿ ಬಂದೂಕು ಹಾರಿಸುವುದು, ಹೂಳಲು ನೆರೆದವರಿಗೆ ತೊಂದರೆ ಕೊಡುವುದು ಇವಕ್ಕೆ ಐದು ಪೌಂಡ್ ಮೀರದ ದಂಡವಿತ್ತು, ಮತದ ಪ್ರಸ್ತಾಪವಿರಲಿಲ್ಲ. ನಮ್ಮಲ್ಲಿ ಕಾನೂನು ಓದುವವರಿಗೆ 1860ರ ಭಾರತೀಯ ದಂಡ ಸಂಹಿತೆಯ 297ನೆಯ ಸೆಕ್ಷನ್ ನೆನಪಾಗಬಹುದು. ಅದೂ ಅದೇ ರಾಣಿಯ ಆಳ್ವಿಕೆಯದೇ, ಆದರೆ ಅಂತ್ಯಕ್ರಿಯೆಗೆ ಅಡ್ಡಿ ಮಾಡುವುದನ್ನು ಶಿಕ್ಷಿಸುವಾಗ ಅದು ಯಾವುದೇ ಧರ್ಮದವರ ಭಾವನೆಯನ್ನು ನೋಯಿಸುವ ಉದ್ದೇಶ ಅಥವಾ ಅರಿವನ್ನು ಅಳತೆಗೋಲಾಗಿಸಿತು. 2023ರ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 301ನೆಯ ಸೆಕ್ಷನ್ ಆಗಿದೆ.

ಕಾಗದದ ಮೇಲಿನ ಹಕ್ಕು ನೆಲದ ಮೇಲೆ ನಿಂತದ್ದು ವೇಲ್ಸ್‌ನ ಲ್ಯಾನ್‌ಫ್ರೋಥೆನ್‌ನಲ್ಲಿ. ರಾಬರ್ಟ್ ರಾಬರ್ಟ್ಸ್ ಎಂಬ ಕಲ್ಲುಗಣಿ ಕೆಲಸಗಾರರು ತಮ್ಮ ಮಗಳ ಪಕ್ಕದಲ್ಲೇ ತಮ್ಮನ್ನು ಹೂಳಬೇಕೆಂದು ಬಯಸಿದ್ದರು. ಆ ತುಂಡು ಭೂಮಿಯನ್ನು ದಾನ ಕೊಟ್ಟವರು 1881ರ ದಾನಪತ್ರದಲ್ಲಿ ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡಿನ) ವಿಧಿಯ ಷರತ್ತು ಹಾಕಿದ್ದಾರೆ ಎಂದು ಪಾದ್ರಿ ತಡೆದರು. ಆಗ ಇಪ್ಪತ್ತೈದರ ಯುವ ವಕೀಲರಾಗಿದ್ದ ಡೇವಿಡ್ ಲಾಯ್ಡ್ ಜಾರ್ಜ್ ಅವರ ಸಲಹೆಯಂತೆ ಕುಟುಂಬದವರು ಬಲವಂತವಾಗಿ ಒಳಹೊಕ್ಕು ಮೆಥೊಡಿಸ್ಟ್ ವಿಧಿಯಂತೆ ಹೂಳಿದರು. ಪಾದ್ರಿ ಅತಿಕ್ರಮ ಪ್ರವೇಶದ ದಾವೆ ಹೂಡಿದರು. ಕೌಂಟಿ ನ್ಯಾಯಾಲಯ ಪಾದ್ರಿಯ ಪರವಾಗಿ ತೀರ್ಪು ಕೊಟ್ಟಿತು. 1888ರ ಡಿಸೆಂಬರ್‌ನಲ್ಲಿ ಲಾರ್ಡ್ ಕೋಲ್‌ರಿಜ್ ಅವರ ಪೀಠವು ಮೇಲ್ಮನವಿಯಲ್ಲಿ ಆ ತೀರ್ಪನ್ನು ತಿರುಗಿಸಿತು. ಆ ಹೊತ್ತಿಗೆ ರಾಬರ್ಟ್ಸ್ ಮಗಳ ಪಕ್ಕದಲ್ಲಿ ಮಲಗಿ ತಿಂಗಳುಗಳೇ ಕಳೆದಿದ್ದವು.