ಐದು ದಿನದ ಸ್ಟೀರಾಯ್ಡ್ ಮಾತ್ರೆ: ‘ಒಮ್ಮೆ ಶುರು ಮಾಡಿದ್ರೆ ಬಿಡೋಕಾಗಲ್ವಂತೆ, ಹೌದಾ?’

ಪ್ರಶ್ನೆ: ಉಬ್ಬಸ ಜಾಸ್ತಿಯಾಗಿದೆ ಅಂತ ಡಾಕ್ಟರ್ ಐದು ದಿನಕ್ಕೆ ಪ್ರೆಡ್ನಿಸೋಲೋನ್ 40 ಮಿ.ಗ್ರಾಂ ಬರೆದುಕೊಟ್ಟಿದ್ದಾರೆ. ಇದು ಸ್ಟೀರಾಯ್ಡ್ ಅಂತ ಆಮೇಲೆ ಗೊತ್ತಾಯಿತು. ಸೈಡ್ ಎಫೆಕ್ಟ್ ಏನೇನು ಇರುತ್ತೆ? ಒಮ್ಮೆ ಶುರು ಮಾಡಿದರೆ ದೇಹ ಅದಕ್ಕೆ ಒಗ್ಗಿಹೋಗುತ್ತೆ, ಆಮೇಲೆ ಬಿಡೋಕಾಗಲ್ಲ ಅಂತಾರೆ. ಮಾತ್ರೆ ಇನ್ನೂ ಕವರಿನಲ್ಲೇ ಇದೆ.

ಉತ್ತರ: ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕೈದು ಸಲ ಬರುತ್ತದೆ. ಕಾಯಿಲೆ ಬೇರೆ ಬೇರೆ ಇರುತ್ತದೆ. ಒಬ್ಬರಿಗೆ ಉಬ್ಬಸ, ಇನ್ನೊಬ್ಬರಿಗೆ ಮೈತುಂಬ ಪಿತ್ತದ ಗಂಧೆ, ಮತ್ತೊಬ್ಬರಿಗೆ ಮುಖದ ಒಂದು ಪಕ್ಕ ಸೊಟ್ಟಗಾಗಿರುತ್ತದೆ. ಕೊನೆಯ ಸಾಲು ಮಾತ್ರ ಅದೇ. ಮಾತ್ರೆ ಇನ್ನೂ ಕವರಿನಲ್ಲೇ ಇದೆ. ನಾನು ಉತ್ತರ ಬರೆಯುವಷ್ಟರಲ್ಲಿ ಆ ಐದು ದಿನ ಕಳೆದೇ ಹೋಗಿರುತ್ತದೆ. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಒಂದು ಗೊಂದಲ ಮುಗಿಸೋಣ. ಜಿಮ್‌ನಲ್ಲಿ ಮೈ ಉಬ್ಬಿಸಿಕೊಳ್ಳಲು ಕೆಲವರು ಕದ್ದುಮುಚ್ಚಿ ಹಾಕಿಕೊಳ್ಳುವ ಸ್ಟೀರಾಯ್ಡ್ ಇದಲ್ಲ. ಅದು ಗಂಡಸರ ಹಾರ್ಮೋನಿನ ಜಾತಿ. ನಿಮ್ಮ ಮಾತ್ರೆ ಕಾರ್ಟಿಸಾಲ್ ಎಂಬ ಹಾರ್ಮೋನಿನ ಜಾತಿ. ಮೂತ್ರಪಿಂಡದ ತಲೆಯ ಮೇಲೆ ಟೋಪಿ ಇಟ್ಟಂತೆ ಕೂತಿರುವ ಅಡ್ರಿನಲ್ ಗ್ರಂಥಿ ಇದನ್ನು ದಿನಾ ತಯಾರಿಸುತ್ತದೆ. ಪ್ರೆಡ್ನಿಸೋಲೋನ್, ಮಿಥೈಲ್‌ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಡೆಫ್ಲಾಜಾಕೋರ್ಟ್ ಎಲ್ಲ ಒಂದೇ ಮನೆತನ. ಶಕ್ತಿ ಮಾತ್ರ ಬೇರೆ ಬೇರೆ. ಪ್ರೆಡ್ನಿಸೋಲೋನ್ 5 ಮಿ.ಗ್ರಾಂ ಮಾಡುವ ಕೆಲಸವನ್ನು ಡೆಕ್ಸಾಮೆಥಾಸೋನ್ 0.75 ಮಿ.ಗ್ರಾಂನಲ್ಲೇ ಮಾಡಿಬಿಡುತ್ತದೆ. ‘ಚಿಕ್ಕ ಮಾತ್ರೆ, ಪರವಾಗಿಲ್ಲ’ ಅನ್ನುವವರು ಇದನ್ನು ಸ್ವಲ್ಪ ನೆನಪಿಡಿ.

ಸರಿ, ಐದು ದಿನದಲ್ಲಿ ಏನಾಗಬಹುದು?

ಎಲ್ಲಕ್ಕಿಂತ ಮೊದಲು ಕೈಕೊಡುವುದು ನಿದ್ದೆ. ನಾನೂ ಉಬ್ಬಸದವನೇ, ಈ ಕೋರ್ಸ್ ತೆಗೆದುಕೊಂಡಿದ್ದೇನೆ. ಎರಡನೇ ರಾತ್ರಿ ಎರಡೂಮುಕ್ಕಾಲಿಗೆ ಎದ್ದು ಮೇಜಿನ ಡ್ರಾಯರ್ ಖಾಲಿ ಮಾಡಿ, ಒಂದೊಂದೇ ಪೆನ್ನು ತೆಗೆದು ಹಳೇ ಲಕೋಟೆಯ ಮೇಲೆ ಗೀಚಿ, ಬರೆಯುವುದು ಒಂದು ಕಡೆ, ಬರೆಯದ್ದು ಇನ್ನೊಂದು ಕಡೆ ಜೋಡಿಸುತ್ತಾ ಕೂತಿದ್ದೆ. ಸುಸ್ತು ಅನ್ನುವುದೇ ಇರಲಿಲ್ಲ. ಮನೆಯವರು ಬಂದು ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ವಾಪಸ್ ಹೋದರು. ಕಾರ್ಟಿಸಾಲ್ ಬೆಳಗಿನ ಹಾರ್ಮೋನು. ನಾವು ಏಳುವ ಹೊತ್ತಿಗೆ ರಕ್ತದಲ್ಲಿ ಜಾಸ್ತಿ, ನಡುರಾತ್ರಿಗೆ ತೀರಾ ಕಡಿಮೆ. ಅದಕ್ಕೇ ಮಾತ್ರೆಯನ್ನು ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳಿ ಅನ್ನುವುದು. ರಾತ್ರಿ ಎಂಟಕ್ಕೆ ನುಂಗಿ, ಹನ್ನೆರಡಾದರೂ ನಿದ್ದೆ ಬರಲಿಲ್ಲ ಅಂತ ದೂರಿದರೆ ತಪ್ಪು ಮಾತ್ರೆಯದಲ್ಲ.

ಆಮೇಲೆ ಹಸಿವು. ಊಟ ಮುಗಿಸಿ ಕೈ ತೊಳೆಯುವಾಗಲೇ ಮುಂದೇನು ತಿನ್ನೋಣ ಅನ್ನಿಸುವ ಹಸಿವು. ತೂಕ ಒಂದೆರಡು ಕೆಜಿ ಏರಿದರೆ ಹೆಚ್ಚಿನ ಪಾಲು ಮೈಯಲ್ಲಿ ನಿಂತ ನೀರು ಮತ್ತು ನೀವು ಜಾಸ್ತಿ ತಿಂದದ್ದು. ಮಾತ್ರೆ ನಿಂತ ಮೇಲೆ ಆ ನೀರು ಇಳಿಯುತ್ತದೆ. ಮುಖ ಚಂದ್ರನಂತೆ ದುಂಡಗಾಗುವುದು ವಾರಗಟ್ಟಲೆ, ತಿಂಗಳುಗಟ್ಟಲೆ ತೆಗೆದುಕೊಂಡವರಿಗೆ. ಬಾಯಿ ಕಹಿ, ಎದೆಯುರಿ, ಮುಖ ಕೆಂಪಗಾಗುವುದು, ಡೆಕ್ಸಾಮೆಥಾಸೋನ್ ಆದರೆ ಕೆಲವರಿಗೆ ಬಿಕ್ಕಳಿಕೆ. ಇವೆಲ್ಲ ಕಿರಿಕಿರಿ ಅಷ್ಟೇ.

ಮನಸ್ಸಿನ ವಿಷಯ ಸ್ವಲ್ಪ ಗಮನವಿಟ್ಟು ಓದಿ. ಕೆಲವರಿಗೆ ಸುಮ್ನೆ ಸಿಡುಕು ಬರುತ್ತದೆ, ಕೆಲವರಿಗೆ ವಿಪರೀತ ಹುರುಪು. ಅಪರೂಪಕ್ಕೆ ಭ್ರಮೆ, ಗೊಂದಲ, ತೀರಾ ಕುಗ್ಗಿಹೋಗುವುದೂ ಉಂಟು. ಇದು ಡೋಸ್ ನೋಡಿಕೊಂಡು ಬರುತ್ತದೆ. 1972ರಲ್ಲಿ ಪ್ರಕಟವಾದ ಬಾಸ್ಟನ್‌ನ ಅಧ್ಯಯನವೊಂದರಲ್ಲಿ, ದಿನಕ್ಕೆ 40 ಮಿ.ಗ್ರಾಂವರೆಗೆ ಪ್ರೆಡ್ನಿಸೋನ್ (ನಿಮ್ಮ ಮಾತ್ರೆಯ ಅವಳಿಯಂಥದ್ದು, ಶಕ್ತಿಯೂ ಅಷ್ಟೇ) ತೆಗೆದುಕೊಂಡವರಲ್ಲಿ ಗಂಭೀರ ಮಾನಸಿಕ ತೊಂದರೆ ಕಂಡದ್ದು ನೂರಕ್ಕೆ 1.3 ಮಂದಿಗೆ. 80 ದಾಟಿದವರಲ್ಲಿ 18.4. ಮನೆಯಲ್ಲಿ ಒಬ್ಬರಿಗಾದರೂ ‘ನಾನು ಈ ಮಾತ್ರೆಯಲ್ಲಿದ್ದೇನೆ, ವಿಚಿತ್ರವಾಗಿ ಆಡಿದರೆ ಡಾಕ್ಟರಿಗೆ ಫೋನ್ ಮಾಡಿ’ ಅಂತ ಹೇಳಿಟ್ಟಿರಿ. ಹಾಗೆ ಆಡುತ್ತಿರುವುದು ನಿಮಗೇ ಗೊತ್ತಾಗುವುದಿಲ್ಲ.

ಶುಗರ್ ಇರುವವರು ಒಂದು ತಪ್ಪು ಮಾಡುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಚೆಕ್ ಮಾಡಿ, ‘ನೋಡಿ, ಏನೂ ಏರಿಲ್ಲ’ ಅಂತ ಸಮಾಧಾನವಾಗಿರುತ್ತಾರೆ. ಬೆಳಿಗ್ಗೆ ನುಂಗಿದ ಪ್ರೆಡ್ನಿಸೋಲೋನ್ ಶುಗರ್ ಏರಿಸುವುದು ಮಧ್ಯಾಹ್ನದಿಂದ ರಾತ್ರಿಯವರೆಗೆ. ಮಧ್ಯಾಹ್ನದ ಊಟವಾದ ಮೇಲೆ, ಇಲ್ಲವೇ ರಾತ್ರಿ ಊಟಕ್ಕೆ ಮುಂಚೆ ಚೆಕ್ ಮಾಡಿ. ಅಲ್ಲಿ ಸಿಗುತ್ತದೆ ಕಳ್ಳ.

ಈಗ ‘ಒಗ್ಗಿಹೋಗುತ್ತೆ’ ಅನ್ನುವ ಮಾತಿಗೆ ಬರೋಣ. ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಮತ್ತೆ ಎದ್ದು ಬಂದು ಮುಂದೆ ನಿಲ್ಲುತ್ತದೆ.

ಒಬ್ಬ ಹಿರಿಯರ ಕಥೆ ಹೇಳುತ್ತೇನೆ. ಅವರಿಗೂ ಇದೇ 40 ಮಿ.ಗ್ರಾಂ, ಇದೇ ಐದು ದಿನ. ಮೊದಲ ದಿನ ಪೂರ್ತಿ ತೆಗೆದುಕೊಂಡರು. ಎರಡನೇ ದಿನ ಉಸಿರು ಸಲೀಸಾಯಿತು. ಜೊತೆಗೆ ಭಯವೂ ಶುರುವಾಯಿತು. ಒಗ್ಗಿಬಿಟ್ಟರೆ? ಅರ್ಧ ಮಾಡಿದರು. ಮೂರನೇ ದಿನ ನಿಲ್ಲಿಸಿಯೇಬಿಟ್ಟರು. ಆರನೇ ದಿನ ರಾತ್ರಿ ಮತ್ತೆ ಎದೆ ಕಟ್ಟಿಕೊಂಡು ಬಂದರು. ಮತ್ತೆ ಕೋರ್ಸ್ ಬರೆಯಬೇಕಾಯಿತು, ಈ ಸಲ ಏಳು ದಿನಕ್ಕೆ. ಆಗ ಅವರು ಗೆದ್ದವರಂತೆ ಹೇಳಿದ ಮಾತು: ‘ನೋಡಿದ್ರಾ ಡಾಕ್ಟ್ರೇ, ಆಗಲೇ ಒಗ್ಗಿಬಿಟ್ಟಿದೆ.’

ಏನು ಹೇಳೋಣ? ಬೆಂಕಿ ಪೂರ್ತಿ ಆರುವ ಮುಂಚೆ ನೀರು ಹಾಕುವುದು ನಿಲ್ಲಿಸಿ, ಮತ್ತೆ ಹೊತ್ತಿಕೊಂಡಾಗ ‘ಬೆಂಕಿಗೆ ನೀರಿನ ಚಟ ಹತ್ತಿದೆ’ ಅಂದ ಹಾಗಾಯಿತು. ವಾಪಸ್ ಬಂದದ್ದು ಉಬ್ಬಸ. ಶ್ವಾಸನಾಳದ ಒಳಗಿನ ಊತ ಒಂದೇ ದಿನದಲ್ಲಿ ಇಳಿಯುವುದಿಲ್ಲ. ಉಸಿರು ಸಲೀಸಾದ ಮೇಲೂ ಒಳಗೆ ಅದು ಇನ್ನೂ ಇರುತ್ತದೆ. ಉಳಿದ ದಿನಗಳ ಮಾತ್ರೆ ಇರುವುದೇ ಅದಕ್ಕೆ. ಲೆಕ್ಕ ನೋಡಿ. ಹೇಳಿದಂತೆ ನುಂಗಿದ್ದರೆ ಒಟ್ಟು 200 ಮಿ.ಗ್ರಾಂನಲ್ಲಿ ಮುಗಿಯುತ್ತಿತ್ತು. ಹೆದರಿ ಉಳಿಸಿದ್ದರಿಂದ ಮೊದಲು 60, ಆಮೇಲೆ 280. ಒಟ್ಟು 340 ಒಳಗೆ ಹೋಯಿತು.

‘ಒಗ್ಗುವುದು’ ಅನ್ನುವ ಒಂದೇ ಮಾತಿನಲ್ಲಿ ಜನ ಬೇರೆ ಬೇರೆ ಸಂಗತಿ ತುರುಕಿದ್ದಾರೆ. ಚಟದ ಅರ್ಥದಲ್ಲಿ ಕೇಳುತ್ತಿದ್ದರೆ, ಐದು ದಿನ ಪ್ರೆಡ್ನಿಸೋಲೋನ್ ನುಂಗಿದವರು ಆರನೇ ದಿನ ಅದಕ್ಕಾಗಿ ಕೈಕಾಲು ನಡುಗಿಸಿಕೊಂಡು ಒದ್ದಾಡಿದ್ದನ್ನು ನಾನು ನೋಡಿಲ್ಲ. ಹೆಂಡ, ಸಿಗರೇಟಿನ ತರಹದ್ದಲ್ಲ ಇದು.

ಇನ್ನೊಂದು ಸಂಗತಿ ನಿಜವಾದದ್ದು, ಆದರೆ ನಿಮ್ಮ ಐದು ದಿನಕ್ಕೆ ಸೇರಿದ್ದಲ್ಲ. ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ನೀರು ಇಳಿದಾಗ ಮೋಟರ್ ತಾನಾಗಿ ಆನ್ ಆಗುತ್ತದೆ, ತುಂಬಿದಾಗ ಆಫ್ ಆಗುತ್ತದೆ. ಈಗ ಹೊರಗಿನಿಂದ ಟ್ಯಾಂಕರ್ ತರಿಸಿ ನೀರು ತುಂಬಿಸಿದರೆ ಮೋಟರಿಗೆ ಕೆಲಸವಿಲ್ಲ. ಐದು ದಿನ ಸುಮ್ಮನಿರುತ್ತದೆ. ಟ್ಯಾಂಕರ್ ನಿಂತಿತು, ನೀರು ಇಳಿಯಿತು, ಮೋಟರ್ ಮತ್ತೆ ಓಡಿತು. ಆದರೆ ಆರು ತಿಂಗಳು ಟ್ಯಾಂಕರ್ ನೀರನ್ನೇ ಬಳಸಿದರೆ? ಮೋಟರ್ ತುಕ್ಕು ಹಿಡಿದು ಜಾಮ್ ಆಗಿರುತ್ತದೆ. ಆಗ ಟ್ಯಾಂಕರನ್ನು ದಿಢೀರನೆ ನಿಲ್ಲಿಸಿದರೆ ಮನೆಗೆ ನೀರೇ ಇಲ್ಲ.

ಅಡ್ರಿನಲ್ ಗ್ರಂಥಿಯ ಕಥೆಯೂ ಹೆಚ್ಚುಕಡಿಮೆ ಹೀಗೇ. ಅದು ದಿನಕ್ಕೆ ತಯಾರಿಸುವ ಕಾರ್ಟಿಸಾಲ್ ಸುಮಾರು 5 ಮಿ.ಗ್ರಾಂ ಪ್ರೆಡ್ನಿಸೋಲೋನಿಗೆ ಸಮ. ನೀವು 40 ನುಂಗಿದಾಗ ಮಿದುಳು ‘ಸಾಕಷ್ಟಿದೆ’ ಅಂದುಕೊಂಡು ಗ್ರಂಥಿಗೆ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ. ಕೆಲವು ದಿನದ ಈ ರಜೆಯಿಂದ ಗ್ರಂಥಿ ಬೇಗ ಎದ್ದುಕೊಳ್ಳುತ್ತದೆ. ನಿಲ್ಲಿಸಿದ ಮೇಲೆ ಒಂದೆರಡು ದಿನ ಸುಸ್ತು, ಮೈಕೈ ನೋವು ಅನ್ನಿಸಬಹುದು. ಸಾಮಾನ್ಯವಾಗಿ ಮೂರು ವಾರದೊಳಗಿನ ಕೋರ್ಸನ್ನು ಒಮ್ಮೆಲೇ ನಿಲ್ಲಿಸಬಹುದು ಅನ್ನುವುದು ಇದಕ್ಕೇ. ಇದಕ್ಕೆ ಹೊರತಾದವರು ಇದ್ದಾರೆ. ಇತ್ತೀಚೆಗೆ ಮೇಲಿಂದ ಮೇಲೆ ಕೋರ್ಸ್ ತೆಗೆದುಕೊಂಡವರು, ದಿನಕ್ಕೆ 40 ಮಿ.ಗ್ರಾಂಗಿಂತ ಜಾಸ್ತಿ ಡೋಸನ್ನು ವಾರಕ್ಕಿಂತ ಹೆಚ್ಚು ನುಂಗಿದವರು, ರಾತ್ರಿ ಹೊತ್ತೂ ತೆಗೆದುಕೊಂಡವರು. ಇವರಿಗೆ ಮೆಲ್ಲಗೆ ಇಳಿಸುವುದೇ ಸರಿ. ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವವರಂತೂ ಈ ಲೇಖನ ಓದಿ ನಾಳೆ ಮಾತ್ರೆ ನಿಲ್ಲಿಸಬೇಡಿ. ಅವರಿಗೆ ದಿಢೀರ್ ನಿಲ್ಲಿಸುವುದು ಜೀವಕ್ಕೇ ಅಪಾಯ.

‘ಹಾಗಾದರೆ ಕೆಲವು ಪ್ಯಾಕ್‌ನಲ್ಲಿ ಮೊದಲ ದಿನ ಆರು, ಎರಡನೇ ದಿನ ಐದು, ಹೀಗೆ ಇಳಿಸಿ ಕೊಡುತ್ತಾರಲ್ಲ, ಒಗ್ಗದಿದ್ದರೆ ಯಾಕೆ ಇಳಿಸಬೇಕು?’ ಒಳ್ಳೆಯ ಪ್ರಶ್ನೆ. ಕೇಳಿದವರಿಗೆ ಮನಸ್ಸಿನಲ್ಲೇ ಪೂರ್ತಿ ಅಂಕ ಕೊಟ್ಟಿದ್ದೇನೆ. ಅದು ಮಿಥೈಲ್‌ಪ್ರೆಡ್ನಿಸೋಲೋನ್ 4 ಮಿ.ಗ್ರಾಂನ 21 ಮಾತ್ರೆಗಳ ಆರು ದಿನದ ಪ್ಯಾಕ್. ಅಲ್ಲಿ ಇಳಿಸುವುದು ಮುಖ್ಯವಾಗಿ ಕಾಯಿಲೆ ಮತ್ತೆ ತಲೆ ಎತ್ತದಿರಲಿ ಅಂತ. ಅಷ್ಟು ಚಿಕ್ಕ ಕೋರ್ಸಿನಲ್ಲಿ ಗ್ರಂಥಿಗೆ ಆ ಮೆಟ್ಟಿಲೇನೂ ಬೇಕಿಲ್ಲ.

ಈ ಭಯ ಹುಟ್ಟಿದ್ದು ಎಲ್ಲಿ? 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಯುವತಿಯೊಬ್ಬಳಿಗೆ ಇದೇ ಮನೆತನದ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನದಲ್ಲಿ ಅವಳು ಎದ್ದು ಓಡಾಡಿದಳು. 1950ರಲ್ಲಿ ಹೆಂಚ್, ಜೊತೆಗೆ ಅಡ್ರಿನಲ್ ಹಾರ್ಮೋನುಗಳ ಮೇಲೆ ಕೆಲಸ ಮಾಡಿದ್ದ ಕೆಂಡಾಲ್, ರೈಖ್‌ಸ್ಟೈನ್, ಮೂವರಿಗೂ ನೊಬೆಲ್ ಬಂತು. ಪವಾಡ ಅಂತ ಎಲ್ಲರಿಗೂ ದೊಡ್ಡ ಡೋಸಿನಲ್ಲಿ ತಿಂಗಳುಗಟ್ಟಲೆ ಕೊಟ್ಟಾಗ ಮುಖ ಊದಿತು, ಮೂಳೆ ಸವೆಯಿತು, ನಿಲ್ಲಿಸಿದರೆ ನೋವು ದುಪ್ಪಟ್ಟಾಗಿ ಮರಳಿತು. ಆ ತಲೆಮಾರಿನ ಪಾಠವನ್ನು ನಾವು ಐದು ದಿನದ ಮಾತ್ರೆಗೂ ಅಂಟಿಸಿಕೊಂಡು ಕೂತಿದ್ದೇವೆ.

ಹಾಗಂತ ಐದು ದಿನದಲ್ಲಿ ಏನೂ ಆಗುವುದೇ ಇಲ್ಲ ಅಂತಲೂ ನಾನು ಹೇಳಲಾರೆ. 2017ರಲ್ಲಿ ಅಮೆರಿಕದ ಸುಮಾರು 15 ಲಕ್ಷ ವಯಸ್ಕರ ದಾಖಲೆ ನೋಡಿದ ಒಂದು ಅಧ್ಯಯನ ಬಂತು. ಚಿಕ್ಕ ಕೋರ್ಸ್ ಶುರುವಾದ 30 ದಿನದೊಳಗೆ ರಕ್ತದ ಸೋಂಕು ಐದು ಪಟ್ಟು, ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಮೂರು ಪಟ್ಟು, ಮೂಳೆ ಮುರಿತ ಸುಮಾರು ಎರಡು ಪಟ್ಟು ಹೆಚ್ಚು ಕಂಡಿತು. ಕೇಳಿದರೆ ಎದೆ ಝಲ್ ಅನ್ನುತ್ತದೆ, ಅಲ್ವಾ? ಆದರೆ ಈ ತೊಂದರೆಗಳು ಮೊದಲೇ ತೀರಾ ಅಪರೂಪ. ಚಿಕ್ಕದರ ಐದು ಪಟ್ಟೂ ಚಿಕ್ಕದೇ. ಉಬ್ಬಸದಲ್ಲಿ ಉಸಿರು ಕಟ್ಟುವ ಅಪಾಯದ ಮುಂದೆ ಅದನ್ನಿಟ್ಟು ತೂಗಿ. ಗಂಟಲು ನೋವಿಗೋ ಮಾಮೂಲಿ ನೆಗಡಿಗೋ ನುಂಗುವುದಾದರೆ ಮಾತ್ರ ಆ ತಕ್ಕಡಿ ಉಲ್ಟಾ ಆಗುತ್ತದೆ.

ಮೊದಲ ಮಾತ್ರೆಗೆ ಮುಂಚೆಯೇ ಡಾಕ್ಟರಿಗೆ ಹೇಳಬೇಕಾದ್ದು: ಶುಗರ್, ಬಿಪಿ, ಹೊಟ್ಟೆ ಹುಣ್ಣು, ಕಣ್ಣಿನ ಒಳಗಿನ ಒತ್ತಡ (ಗ್ಲಾಕೋಮಾ), ಹಿಂದೆ ಆದ ಮಾನಸಿಕ ಕಾಯಿಲೆ, ಗರ್ಭಿಣಿಯೋ ಹೇಗೆ, ಮನೆಯಲ್ಲಿ ಯಾರಿಗಾದರೂ ಸಿಡುಬಿನಂಥ ಗುಳ್ಳೆ ಎದ್ದಿದೆಯೋ ಹೇಗೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಯನ್ನು ಇದರ ಜೊತೆ ಸೇರಿಸಬೇಡಿ. ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಈ ಜೋಡಿಯಿಂದಲೇ ಜಾಸ್ತಿ. ಮಲ ಟಾರಿನಂತೆ ಕಪ್ಪಾದರೆ, ಒಂದೇ ಕಾಲು ಊದಿ ನೋವಾದರೆ, ಚಳಿಜ್ವರ ಬಂದರೆ ಕಾಯಬೇಡಿ.

ಇನ್ನು ಯಾರೂ ಕೇಳದ ಒಂದು ಪ್ರಶ್ನೆ. ‘ಐದು ದಿನ ತೆಗೆದುಕೊಳ್ಳಬಹುದಾ?’ ಅಂತ ಎಲ್ಲರೂ ಕೇಳುತ್ತಾರೆ. ‘ವರ್ಷಕ್ಕೆ ಎಷ್ಟು ಸಲ?’ ಅಂತ ಯಾರೂ ಕೇಳುವುದಿಲ್ಲ. ನನಗೆ ಭಯ ಇರುವುದು ಅಲ್ಲೇ. ಚಿಕ್ಕ ಕೋರ್ಸುಗಳು ಸೇರಿ ದೊಡ್ಡದಾಗುತ್ತವೆ. ವರ್ಷದಲ್ಲಿ ಎರಡನೇ ಸಲ ಬೇಕಾಯಿತೆಂದರೆ ಉಬ್ಬಸ ಹಿಡಿತದಲ್ಲಿಲ್ಲ ಅಂತಲೇ ಅರ್ಥ. ಆಗ ನೋಡಬೇಕಾದ್ದು ಇನ್‌ಹೇಲರನ್ನು. ಅದರಲ್ಲೂ ಸ್ಟೀರಾಯ್ಡ್ ಇದೆ ಅಂತ ಗೊತ್ತಾದ ದಿನವೇ ಎಷ್ಟೋ ಜನ ಅದನ್ನು ಮೂಲೆಗಿಡುತ್ತಾರೆ. ಬ್ಯುಡೆಸೊನೈಡ್ 200 ಮೈಕ್ರೋಗ್ರಾಂ ದಿನಕ್ಕೆರಡು ಸಲ ಎಳೆದರೆ ಒಟ್ಟು 400 ಮೈಕ್ರೋಗ್ರಾಂ. ನಿಮ್ಮ ಒಂದು ದಿನದ ಪ್ರೆಡ್ನಿಸೋಲೋನ್ 40,000 ಮೈಕ್ರೋಗ್ರಾಂ. ಎರಡೂ ಒಂದೇ ಔಷಧಿಯಲ್ಲ, ತೂಕಕ್ಕೆ ತೂಕ ಹೋಲಿಸುವುದು ಪೂರ್ತಿ ಸರಿಯಲ್ಲ. ಆದರೂ ಐದು ದಿನದ ಮಾತ್ರೆಯ ತೂಕಕ್ಕೆ ಬರಬೇಕಾದರೆ ಇನ್‌ಹೇಲರನ್ನು 500 ದಿನ ಎಳೆಯಬೇಕು. ಅದೂ ಹೋಗುವುದು ನೇರ ಶ್ವಾಸನಾಳಕ್ಕೆ. ಎಳೆದಾದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಆಯಿತು.

ಆ ಹಿರಿಯರನ್ನು ಕೇಳಿದೆ, ಈ ವರ್ಷ ಇದು ಎಷ್ಟನೇ ಕೋರ್ಸ್ ಅಂತ. ‘ಎರಡೋ ಮೂರೋ’ ಅಂದರು. ಫೈಲ್ ತಿರುವಿದರೆ ಐದು. ಇನ್‌ಹೇಲರ್ ಎಲ್ಲಿ ಅಂದೆ. ಚೀಲದ ತಳದಿಂದ ತೆಗೆದು ಮೇಜಿನ ಮೇಲಿಟ್ಟರು. ಸೀಲ್ ಕೂಡ ಒಡೆದಿರಲಿಲ್ಲ.